ಈಚಲು ಮುಟ್ಟದವರ ಸೀಮೆ

ಕುಡಿತ ಬಿಡಬೇಕೆಂದು ಒದ್ದಾಡುವವನಿಗೂ, ಮನಸ್ಸು ಕುಗ್ಗಿ ಹಾಸಿಗೆಯಿಂದ ಏಳಲಾರದವನಿಗೂ ಇಂದು ಸಿಗುವ ಮೊದಲ ಬುದ್ಧಿಮಾತು ಧ್ಯಾನ ಮಾಡು ಎಂಬುದು. ಒಬ್ಬನೇ ಕೂತು, ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನವಿಟ್ಟು ಒಳಗಿನ ಕತ್ತಲನ್ನು ತಾನೇ ದಾಟಬೇಕೆನ್ನುವ ಈ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧ ಏನೆಂದು ತಿಳಿಯಬೇಕಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಿಂದಣ ಕಾಲವನ್ನು ನೋಡಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ, ಶೇಂಗಾ ಬೆಳೆದು ಎಣ್ಣೆ ತೆಗೆಯುವ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುವ ಸೀಮೆ ಇದು. ಇಲ್ಲಿ ಮದ್ಯವನ್ನು ಕುಲದ ಕಟ್ಟಾಗಿಯೇ ದೂರವಿಟ್ಟ ಜನರಿದ್ದಾರೆ. ಸಾಧನೆಯಲ್ಲಿ ತಾನು ಹಿಂದೆ ಬಿದ್ದ ದಿನಗಳನ್ನೂ ಬಂಡೆಯ ಮೇಲೆ ಕೆತ್ತಿಸಿದ ಚಕ್ರವರ್ತಿಯ ಶಾಸನಗಳೂ ಇಲ್ಲೇ ಇವೆ. ಇವೆರಡನ್ನೂ ಒಟ್ಟಿಗಿಟ್ಟು ಓದಿದರೆ ಒಂದು ಸಂಗತಿ ಗಟ್ಟಿಯಾಗುತ್ತದೆ. ಮನುಷ್ಯನನ್ನು ಚಟದಿಂದ ಆಚೆ ನಿಲ್ಲಿಸಿದ ಸಾಧನೆ ಈ ನೆಲದಲ್ಲಿ ನಾಲ್ಕು ಜನರ ನಡುವೆ, ನಾಲ್ಕು ಜನರ ಕಣ್ಣೆದುರು ನಡೆಯುತ್ತಿತ್ತು. ಅದು ಸೋತದ್ದು, ಬಿದ್ದವನು ಮತ್ತೆ ಎದ್ದು ಬರಲು ದಾರಿ ಇಡದಿದ್ದ ಕಡೆಗಳಲ್ಲಿ.

ಮೊದಲು ಮ್ಯಾಸಬೇಡರನ್ನು ನೋಡೋಣ. ಬೇಡ ನಾಯಕ ಸಮುದಾಯದಲ್ಲಿ ಊರಬೇಡರು, ಮ್ಯಾಸಬೇಡರು ಎಂಬ ಎರಡು ಕವಲು. ಹುಲ್ಲುಗಾವಲು, ಕಾವಲುಗಳಲ್ಲಿ ದನ ಕಟ್ಟಿಕೊಂಡು ಬಾಳಿದ ಮ್ಯಾಸಬೇಡರ ಹಟ್ಟಿಗಳು ಹೆಚ್ಚಾಗಿ ಈ ಎರಡು ತಾಲ್ಲೂಕುಗಳಲ್ಲಿ, ಸುತ್ತಿನ ಬಳ್ಳಾರಿ, ರಾಯದುರ್ಗ ಸೀಮೆಗಳಲ್ಲಿ ಹರಡಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಹೊರತಂದ ಸಂಪುಟಗಳಲ್ಲಿ ಇವರ ವಿಚಾರ ಬರುತ್ತದೆ. ಇವರು ಅಮಲಿನ ಪಾನೀಯ ಯಾವುದನ್ನೂ ಸೇವಿಸುವುದಿಲ್ಲ, ಹೆಂಡ ಇಳಿಸುವ ಈಚಲು ಮರವನ್ನು ಸಹ ಮುಟ್ಟುವುದಿಲ್ಲ ಎಂಬುದು ಅಲ್ಲಿ ದಾಖಲಾಗಿದೆ. ಕೋಳಿ ತಿನ್ನುವಂತಿಲ್ಲ, ಈಚಲ ಗರಿಯ ಚಾಪೆ, ಪೊರಕೆ, ಬುಟ್ಟಿ ಮನೆಯೊಳಗೆ ಬರುವಂತಿಲ್ಲ ಎಂಬ ನೇಮವನ್ನು ಹಳಬರ ಮನೆಗಳಲ್ಲಿ ಇಂದಿಗೂ ಕೇಳಬಹುದು. ಈಚಲು ಈ ಸೀಮೆಗೆ ಹೊರಗಿನ ಗಿಡವಲ್ಲ. ಹಳ್ಳದ ದಂಡೆಯಲ್ಲಿ, ಕೆರೆಯ ಕೆಳಗಿನ ತೇವದಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ. ಬಡವರ ಮನೆಗೆ ಹಾಸಲು ಗುಡಿಸಲು ಬೇಕಾದದ್ದೆಲ್ಲ ಅದರ ಗರಿಯಿಂದಲೇ ಪುಕ್ಕಟೆ ಸಿಗುತ್ತದೆ. ಅಂಥದ್ದನ್ನು ಬಿಟ್ಟು ಬದುಕುವುದೆಂದರೆ ದಿನಕ್ಕೆ ಹತ್ತು ಸಲವಾದರೂ ನೆನಪಿಗೆ ಬರುವ ಕಟ್ಟು. ಮಲಗುವಾಗ ಚಾಪೆ, ಬೆಳಗ್ಗೆ ಕಸ ಗುಡಿಸುವಾಗ ಪೊರಕೆ, ಕಾಳು ತುಂಬುವಾಗ ಬುಟ್ಟಿ. ಮದ್ಯದ ಹತ್ತಿರವೂ ಸುಳಿಯದ ಮನೆಯಲ್ಲಿ ಮದ್ಯ ಬೇಡವೆಂಬ ಮಾತು ಬಾಯಲ್ಲಿ ಹುಟ್ಟುವ ಮೊದಲೇ ಕೈಯಲ್ಲಿ ಹುಟ್ಟುತ್ತಿತ್ತು.

ಈ ಕಟ್ಟು ಒಬ್ಬೊಬ್ಬನ ಮನೋಬಲದ ಮೇಲೆ ನಿಂತಿರಲಿಲ್ಲ. ಅದರ ಹಿಂದೆ ಕುಲದ ನೇಮ, ನ್ಯಾಯಗಳನ್ನು ನೋಡಿಕೊಳ್ಳುವ ನನ್ನಿವಾಳದಂಥ ಕಟ್ಟೆಮನೆಗಳಿದ್ದವು. ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕರಂಥ ಪೂರ್ವಿಕ ವೀರರ ಕಥೆಗಳಿದ್ದವು. ನೊಗಕ್ಕೆ ಹೂಡದೆ ಮುಡಿಪಾಗಿ ಸಾಕುವ ದೇವರ ಎತ್ತುಗಳಿದ್ದವು, ಅವುಗಳ ಜೊತೆ ಕಾವಲಿನಲ್ಲೇ ದಿನ ಕಳೆಯುವ ಕಿಲಾರಿಗಳಿದ್ದರು. ಕಿಲಾರಿಯ ಬದುಕನ್ನು ಧ್ಯಾನವೆಂದು ಯಾರೂ ಕರೆಯಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ರೊಪ್ಪ ಬಿಚ್ಚುವುದು, ದನ ಹೋದ ದಾರಿಯಲ್ಲಿ ಹೋಗುವುದು, ತನಗಿಂತ ದೊಡ್ಡದೊಂದಕ್ಕೆ ತನ್ನನ್ನು ಒಪ್ಪಿಸಿ ನೇಮದಲ್ಲಿ ನಿಲ್ಲುವುದು, ಇವೆಲ್ಲ ಇಂದಿನ ಚಿಕಿತ್ಸಕರು ಚಟ ಬಿಟ್ಟವನಿಗೆ ಹೇಳಿಕೊಡುವ ದಿನಚರಿಗೆ ತೀರ ಹತ್ತಿರದವು. ಖಾಲಿ ಹೊತ್ತು, ಒಂಟಿತನ, ಯಾರಿಗೂ ಬೇಡವಾದೆ ಎಂಬ ಭಾವ ಈ ಮೂರೂ ಕುಡಿತಕ್ಕೂ ಖಿನ್ನತೆಗೂ ಬಾಗಿಲು ತೆರೆಯುತ್ತವೆ. ಕಾವಲು, ಕಟ್ಟೆಮನೆ, ದೇವರ ಎತ್ತು ಕೂಡಿದ ಬದುಕು ಆ ಬಾಗಿಲುಗಳನ್ನು ಬಹುಮಟ್ಟಿಗೆ ಮುಚ್ಚಿಯೇ ಇಡುತ್ತಿತ್ತು. ಹುಲ್ಲುಗಾವಲು ಕರಗಿದಂತೆ ಆ ಬದುಕಿನ ನೆಲೆಯೂ ಕರಗುತ್ತದೆ ಎಂಬುದನ್ನು ಇಲ್ಲೇ ಹೇಳಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಈ ಶತಮಾನದ ಮೊದಲ ದಶಕದ ಕೊನೆಯಿಂದ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿದಾಗ ಚರ್ಚೆಯಾದದ್ದು ಮೇವು ಮತ್ತು ಹಕ್ಕಿಗಳ ಬಗ್ಗೆ. ಆ ನೆಲದ ಮೇಲೆ ನಿಂತಿದ್ದ ಮನಸ್ಸಿನ ಆರೋಗ್ಯದ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಇದು ಸಾಧನೆಯಲ್ಲ, ಬರೀ ಮಡಿ ಮೈಲಿಗೆ; ಅದನ್ನು ಅಧ್ಯಾತ್ಮ ಎನ್ನುವುದು ತಪ್ಪು ಎಂದು ಹೇಳಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಈಚಲನ್ನು ದೂರವಿಟ್ಟ ಅದೇ ಕಟ್ಟು ಹೆರಿಗೆಯಾದ ಹೆಣ್ಣನ್ನೂ ದೂರವಿಟ್ಟಿತು. ಬಾಣಂತಿಯ ಮನಸ್ಸು ಖಿನ್ನತೆಗೆ ಸುಲಭವಾಗಿ ಜಾರುವ ಹೊತ್ತಿನಲ್ಲಿ ಅವಳಿಗೆ ಬೇಕಾದದ್ದು ಜನರ ಆಸರೆ. ಅವಳಿಗೆ ಸಿಕ್ಕಿದ್ದು ಪ್ರತ್ಯೇಕ ಗುಡಿಸಲು. ಹೀಗಾಗಿ ಈ ಕಟ್ಟುಗಳನ್ನು ಇಡಿಯಾಗಿ ಹೊಗಳಿ, ಹಳೆಯದೆಲ್ಲ ಚಿನ್ನ ಎನ್ನಲಾಗದು. ಆದರೆ ಮಡಿಯಿಂದ ಹುಟ್ಟಿತೆಂಬ ಕಾರಣಕ್ಕೆ ಅದರ ಕೆಲಸದ ಬಗೆಯನ್ನು ತಿಳಿಯದೆ ಬಿಡುವುದೂ ಸರಿಯಲ್ಲ. ಬಯಕೆ ಬಂದಾಗ ಅದರೊಡನೆ ಹೋರಾಡುವುದಕ್ಕಿಂತ ಬಯಕೆಯ ಕುರುಹುಗಳಿಂದಲೇ ದೂರ ನಿಲ್ಲುವುದು ಸುಲಭ. ವೈನ್ ಶಾಪ್ ಇರುವ ಬೀದಿಯಲ್ಲಿ ಹೋಗಬೇಡ, ಜೊತೆಯಲ್ಲಿ ಕುಡಿಯುತ್ತಿದ್ದವರ ನಂಟು ಬಿಡು ಎಂದು ಇಂದಿನ ಆಪ್ತಸಮಾಲೋಚಕರು ಹೇಳುವುದೂ ಅದನ್ನೇ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಕಟ್ಟು ಕುಡಿಯದವನನ್ನು ಕುಡಿಯದಂತೆ ಕಾಯುತ್ತದೆ. ಕುಡಿದವನಿಗೆ ಏನು ಮಾಡುತ್ತದೆ? ಕುಲ ಪಂಚಾಯಿತಿಗಳು ದಂಡ ಹಾಕಿ, ಶುದ್ಧಿ ಮಾಡಿ ಒಳಗೆ ಕರೆದುಕೊಳ್ಳುತ್ತಿದ್ದುದುಂಟು. ಆದರೆ ಅವು ಕಂಡದ್ದು ತಪ್ಪನ್ನು, ಕಾಯಿಲೆಯನ್ನಲ್ಲ. ಒಮ್ಮೆ ದಂಡ ಕಟ್ಟಿದವನು ಮತ್ತೆ ಜಾರುತ್ತಾನೆ, ಮೂರನೆಯ ಸಲವೂ ಜಾರುತ್ತಾನೆ ಎಂಬ ಸ್ಥಿತಿಗೆ ಅಲ್ಲಿ ಉತ್ತರವಿರಲಿಲ್ಲ. ಅದರ ಮೇಲೆ ಮದ್ಯದ ರೂಪವೇ ಬದಲಾಯಿತು. ಈಚಲು ಮರದಿಂದ ಇಳಿದ ಹೆಂಡಕ್ಕೆ ಮರವೇ ಗುರುತಾಗಿತ್ತು. ಕಾಕಂಬಿಯಿಂದ ಬಟ್ಟಿ ಇಳಿಸಿ, ಗುತ್ತಿಗೆದಾರನ ಅಂಗಡಿಗೆ ಬಂದು, ಕಡೆಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಕೂತ ಸಾರಾಯಿಗೆ ಮರವೂ ಇಲ್ಲ, ಗರಿಯೂ ಇಲ್ಲ. ಈಚಲ ಚಾಪೆಯನ್ನು ಹೊಸ್ತಿಲಲ್ಲೇ ತಡೆದ ಮನೆಗೆ ಜೇಬಿನಲ್ಲಿ ಬಂದ ಪ್ಯಾಕೆಟ್ಟನ್ನು ತಡೆಯುವ ಕುರುಹು ಯಾವುದೂ ಇರಲಿಲ್ಲ. ಸ್ವಾತಂತ್ರ್ಯ ಚಳವಳಿಯೂ ಮರವನ್ನೇ ಗುರಿ ಮಾಡಿತ್ತು. 1939ರಲ್ಲಿ ಚಳ್ಳಕೆರೆಗೆ ದೂರವಲ್ಲದ ತುರುವನೂರಿನಲ್ಲಿ ಕಾಂಗ್ರೆಸ್ಸಿನವರು ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಸಿದರು. ಆಗ ಈ ಜಿಲ್ಲೆಯ ಕಾಂಗ್ರೆಸ್ಸಿನ ಮುಂಚೂಣಿಯಲ್ಲಿದ್ದವರು ಎಸ್. ನಿಜಲಿಂಗಪ್ಪ. ಸ್ವಾತಂತ್ರ್ಯದ ನಂತರ ರಾಜ್ಯದ ಹಲವು ಭಾಗಗಳಲ್ಲಿ ಪಾನನಿಷೇಧ ಬಂತು, 1967ರಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ಅದು ತೆರವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆದರೆ ಅದರ ಜಾಗಕ್ಕೆ ಅಗ್ಗದ ವಿಸ್ಕಿ ರಮ್ಮು ಬಂದು ಕೂತವು. ಕಾನೂನು ವಸ್ತುವನ್ನು ಹಿಡಿಯುತ್ತದೆ, ವಸ್ತು ವೇಷ ಬದಲಿಸುತ್ತದೆ. ಚಟ ಹತ್ತಿದವನು ಇದ್ದಲ್ಲೇ ಇರುತ್ತಾನೆ.

ಆ ಇದ್ದಲ್ಲೇ ಇರುವ ಮನುಷ್ಯನಿಗೆ ಬೇಕಾದ ಮಾತು ಈ ಸೀಮೆಯ ಬಂಡೆಗಳ ಮೇಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ ಅದು; ಮೊದಲು ಆರೋಗ್ಯ ವಿಚಾರಿಸಿಯೇ ಮುಂದಿನ ಮಾತು. ಆಮೇಲೆ ಬರುವುದು ರಾಜಾಜ್ಞೆಗಳಲ್ಲಿ ಅಪರೂಪದ ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲ ಒಂದು ವರ್ಷ ಹೆಚ್ಚಿನ ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಗಟ್ಟಿಯಾಗಿ ಶ್ರಮಿಸಿದೆ ಎಂದು ಚಕ್ರವರ್ತಿ ಹೇಳುತ್ತಾನೆ. ಉಪಾಸಕನ ಐದು ಶೀಲಗಳಲ್ಲಿ ಐದನೆಯದು ಅಮಲಿನಿಂದ ದೂರವಿರುವುದು. ಶಾಸನದಲ್ಲಿ ಮದ್ಯದ ಹೆಸರಿಲ್ಲ, ನಿಜ. ಆದರೆ ದೀಕ್ಷೆ ಪಡೆದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ, ಹಿಂದುಳಿದ ವರ್ಷವೂ ದಾರಿಯ ಒಂದು ಭಾಗ, ಸಂಘದ ಜೊತೆ ಸೇರಿದ ಮೇಲೆ ಕಾಲಿಗೆ ಬಲ ಬಂತು ಎಂಬ ಮೂರು ಸಂಗತಿಗಳು ಚಟ ಬಿಡುವವರ ಅನುಭವದ ತಿರುಳೇ ಆಗಿವೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆನ್ನಬೇಡಿ, ಶ್ರಮಿಸಿದರೆ ಸಣ್ಣವನಿಗೂ ಸಾಧ್ಯ ಎಂಬ ಭರವಸೆಯೂ ಅದರಲ್ಲಿದೆ. ಎರಡನೆಯ ಭಾಗದಲ್ಲಿ ತಾಯಿತಂದೆಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಗುರುವನ್ನು ಗೌರವಿಸುವುದು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳುವುದು ಬರುತ್ತವೆ. ಸಾಧನೆಯ ವರದಿ ಒಳಗಿನ ಅನುಭವದಲ್ಲಿ ಮುಗಿಯದೆ ಮನೆ ಮತ್ತು ನೆರೆಹೊರೆಯ ನಡವಳಿಕೆಗೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದಲೋ ಬಂದವನ ಕೈಯಿಂದ ಈ ಬರದ ಸೀಮೆಯ ಬಂಡೆಗೆ ಆ ಮಾತು ಇಳಿಯಿತು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಪರಂಪರೆ ಇದೇ ಗೆರೆಯ ಮುಂದುವರಿಕೆಯಂತೆ ಕಾಣುತ್ತದೆ. ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದ ಅವಧೂತನೆಂದು ಜನ ಅವರನ್ನು ನೆನೆಯುತ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಎಂಬುದು ಅವರ ಹೆಸರಿನಲ್ಲಿ ಇಂದಿಗೂ ಓಡಾಡುವ ಮಾತು. ಕುಗ್ಗಿದ ಮನಸ್ಸಿಗೆ ಉಪದೇಶಕ್ಕಿಂತ ಮೊದಲು ಕೈಗೊಂದು ಕೆಲಸ ಕೊಡಬೇಕೆಂಬ ತಿಳಿವಳಿಕೆ ಆ ಮಾತಿನಲ್ಲಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ತೀವ್ರ ಖಿನ್ನತೆಯವರನ್ನು ದಿನನಿತ್ಯದ ಚಟುವಟಿಕೆಗೆ ಹಂತಹಂತವಾಗಿ ಮರಳಿಸಿದರು. ಮೂರು ತಿಂಗಳ ನಂತರ ಅವರಲ್ಲಿ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು; ಮಾಮೂಲಿ ಉಪಚಾರ ಮಾತ್ರ ಪಡೆದವರಲ್ಲಿ ಅದು ಶೇ. 39. ಭಿಕ್ಷೆಯ ಮಾತನ್ನು ಚಟದ ಕಡೆಗೆ ನೇರವಾಗಿ ತಿರುಗಿಸಿದವರು ಇಳಕಲ್ಲಿನ ಮಹಾಂತ ಸ್ವಾಮಿಗಳು. 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ದಂಡ ವಿಧಿಸುವ ಪಂಚಾಯಿತಿಯ ಎದುರು ತಲೆತಗ್ಗಿಸಿ ನಿಲ್ಲುವುದಕ್ಕೂ, ಮನೆ ಬಾಗಿಲಿಗೆ ಬಂದು ಬೇಡುವ ಗುರುವಿನ ಜೋಳಿಗೆಗೆ ತಾನೇ ಕೈ ಚಾಚಿ ಕೊಡುವುದಕ್ಕೂ ಬಹಳ ಅಂತರವಿದೆ. ಜೋಳಿಗೆಯ ಮುಂದೆ ಕುಡುಕ ಕೊಡುವವನಾಗುತ್ತಾನೆ.

ಕೊಟ್ಟ ಮರುದಿನ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಈ ತಾಲ್ಲೂಕುಗಳಲ್ಲಿ, ನಾಡಿನ ಎಲ್ಲ ಕಡೆ ಇರುವಂತೆ, ಕಾರ್ತಿಕ ಕಳೆಯುವ ಹೊತ್ತಿಗೆ ಅಯ್ಯಪ್ಪನ ಮಾಲೆ ಹಾಕಿದವರು ಕಾಣುತ್ತಾರೆ. ನಿತ್ಯ ಕುಡಿಯುತ್ತಿದ್ದವನು ಮಾಲೆ ಬಿದ್ದ ದಿನದಿಂದ ನಲವತ್ತೊಂದು ದಿನ ಹನಿಯನ್ನೂ ಮುಟ್ಟುವುದಿಲ್ಲ. ಬೆಳಗಿನ ಜಾವ ತಣ್ಣೀರ ಸ್ನಾನ, ಎರಡು ಹೊತ್ತು ಪೂಜೆ, ಸಂಜೆ ಸನ್ನಿಧಾನದಲ್ಲಿ ಭಜನೆ, ನೆಲದ ಮೇಲೆ ಮಲಗುವುದು. ಮೈಮೇಲಿನ ಕಪ್ಪು ಬಟ್ಟೆ ಬೀದಿಗೆಲ್ಲ ಸಾರುವ ಗುರುತು. ನಿನ್ನೆಯವರೆಗೆ ಏಕವಚನದಲ್ಲಿ ಗದರಿಸುತ್ತಿದ್ದವರು ಇಂದು ಸ್ವಾಮಿ ಎಂದು ಕೈ ಮುಗಿಯುತ್ತಾರೆ. ಬಿಡಲಾಗದು ಎಂದುಕೊಂಡದ್ದನ್ನು ಅವನು ಬಿಟ್ಟು ತೋರಿಸುತ್ತಾನೆ. ಮಾಲೆ ತೆಗೆದ ದಿನ ಹಲವರು ಮತ್ತೆ ಅಂಗಡಿಯ ಮುಂದೆ ನಿಲ್ಲುತ್ತಾರೆ, ಅದನ್ನು ಕಂಡವರು ವ್ರತವೆಲ್ಲ ತೋರಿಕೆ ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಆ ನಲವತ್ತೊಂದು ದಿನ ಅವನನ್ನು ಹಿಡಿದು ನಿಲ್ಲಿಸಿದ್ದು ಜೊತೆಗಾರರ ಗುಂಪು, ಗುರುಸ್ವಾಮಿಯ ಕಣ್ಣು, ದಿನದ ನೇಮ ಮತ್ತು ಸಿಕ್ಕ ಮರ್ಯಾದೆ. ಈ ನಾಲ್ಕೂ ಒಂದೇ ದಿನ ಇಲ್ಲವಾದರೆ ಬೀಳುವುದು ಸಹಜ. ವ್ರತದಲ್ಲಿ ಕೊರತೆ ಇರುವುದು ಅದು ಮುಗಿಯುವ ಕಡೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ರಾಜ್ಯದುದ್ದಕ್ಕೂ ನಡೆಸುತ್ತಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಈ ಕೊರತೆಯನ್ನು ಗುರುತಿಸಿವೆ. ಭಜನೆ, ಯೋಗ, ಆಪ್ತಸಮಾಲೋಚನೆ, ಮನೆಯವರ ಭೇಟಿ ಎಲ್ಲ ಮುಗಿದ ಮೇಲೆ ಶಿಬಿರದಿಂದ ಬಂದವರು ನವಜೀವನ ಸಮಿತಿಯಾಗಿ ಕೂಡುತ್ತಾರೆ. ಕುಡಿತದಿಂದ ಹೊರಬಂದ ಇಬ್ಬರು ಅಮೆರಿಕದಲ್ಲಿ 1935ರಲ್ಲಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ತನ್ನ ಹನ್ನೆರಡು ಹೆಜ್ಜೆಗಳಲ್ಲಿ ಪ್ರಾರ್ಥನೆ, ಧ್ಯಾನಗಳನ್ನು ಹನ್ನೊಂದನೆಯದಾಗಿ ಇಟ್ಟಿತು. ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ ಅದಕ್ಕೂ ಮೊದಲು ಬರುತ್ತವೆ, ಇನ್ನೊಬ್ಬ ಕುಡುಕನಿಗೆ ನೆರವಾಗುವುದು ಅದರ ನಂತರ.

ಹಾಗಾದರೆ ಒಬ್ಬಂಟಿ ಸಾಧನೆಗೆ ಬೆಲೆಯೇ ಇಲ್ಲವೇ, ಮೊಳಕಾಲ್ಮೂರಿನ ನುಂಕೆಮಲೆಯಂಥ ಸಿದ್ಧರ ಬೆಟ್ಟ ಕಣ್ಣೆದುರೇ ಇದೆಯಲ್ಲ ಎಂದು ಕೇಳಬಹುದು. ನಾಥ ಸಿದ್ಧರ ದಾರಿ ಸಂಸಾರ ತೊರೆದವರ ದಾರಿ, ಅದಕ್ಕೂ ಗುರು ಬೇಕು. ಸಂಸಾರಿಗಳು ಆ ಬೆಟ್ಟ ಹತ್ತಿದ್ದು ಹರಕೆ ಹೊತ್ತು, ಜನರ ಜೊತೆಗೆ. ಸಾಧುಗಳ ಕೆಲವು ಪಂಥಗಳಲ್ಲಿ ಭಂಗಿ ಗಾಂಜಾ ಸಾಧನೆಯ ಅಂಗವಾಗಿಯೇ ಇದ್ದವು, ಹಲವು ಮಾರಿಹಬ್ಬಗಳಲ್ಲಿ ಹೆಂಡವೇ ಎಡೆಯಾಗಿತ್ತು ಎಂಬುದನ್ನೂ ಮರೆಯಬಾರದು. ದೇವರ ಹೆಸರಿದ್ದರೆ ಸಾಕು, ಅಮಲು ದೂರವಾಗುತ್ತದೆ ಎನ್ನಲು ಆಧಾರವಿಲ್ಲ. ಉಸಿರಿನ ಅಭ್ಯಾಸದ ಬಗ್ಗೆ ನಮ್ಮಲ್ಲೇ ಒಳ್ಳೆಯ ಸಂಶೋಧನೆ ನಡೆದಿದೆ. 2000ದಲ್ಲಿ ಪ್ರಕಟವಾದ ಬೆಂಗಳೂರಿನ ನಿಮ್ಹಾನ್ಸ್ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ಜನರನ್ನು ಹದಿನೈದರಂತೆ ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದರು. ವಿದ್ಯುತ್ ಚಿಕಿತ್ಸೆಯಲ್ಲಿ ಶೇ. 93, ಇಮಿಪ್ರಮಿನ್ ಮಾತ್ರೆಯಲ್ಲಿ ಶೇ. 73, ಸುದರ್ಶನ ಕ್ರಿಯೆಯಲ್ಲಿ ಶೇ. 67ರಷ್ಟು ಜನ ಗುಣ ಕಂಡರು. ಉಸಿರಾಟದ ಕ್ರಮವೊಂದು ಮಾತ್ರೆಯ ಹತ್ತಿರಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಅವರು ಅದನ್ನು ಮಾಡಿದ್ದು ಆಸ್ಪತ್ರೆಯಲ್ಲಿ, ಕಲಿಸುವವರ ಮುಂದೆ, ವೈದ್ಯರ ಕಣ್ಗಾವಲಿನಲ್ಲಿ. ಅದನ್ನೇ ಮನೆಯ ಮೂಲೆಯಲ್ಲಿ ಒಬ್ಬನೇ ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟರೆ ಸಂಶೋಧನೆಯ ಅರ್ಧವನ್ನು ಕೈಬಿಟ್ಟಂತೆ.

ವೈದ್ಯರ ಮಾತನ್ನು ಇಲ್ಲಿ ಒತ್ತಿ ಹೇಳಲೇಬೇಕು. ಬಹಳ ವರ್ಷ ವಿಪರೀತ ಕುಡಿದವನು ಹರಕೆ ಹೊತ್ತು ಒಂದೇ ಸಲಕ್ಕೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಇಲ್ಲದ್ದು ಕಾಣುತ್ತ ಕೂಗಾಡುವವನನ್ನು ಗಾಳಿ ಸೋಕಿತೆಂದು ದೇವಸ್ಥಾನದಲ್ಲಿ ಕೂರಿಸುವುದು ಅಪಾಯ. ಅವನಿಗೆ ಬೇಕಾದದ್ದು ಆಸ್ಪತ್ರೆ, ಔಷಧಿ, ಥಯಾಮಿನ್. ಸಾಯುವ ಮಾತಾಡುವ ಖಿನ್ನನಿಗೂ ಅಷ್ಟೇ. ಮೊಳಕಾಲ್ಮೂರಿಗೆ ಅಂಟಿಕೊಂಡ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಉಪಚರಿಸುವುದನ್ನು ಕಲಿಸಿತು. ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಹರಡಿದ ಬಳ್ಳಾರಿ ಮಾದರಿ ಅದೇ. ಅದರ ಬಲವಿದ್ದದ್ದು ದೊಡ್ಡ ಆಸ್ಪತ್ರೆಯನ್ನು ಕಾಯದೆ ಊರಿನ ಹತ್ತಿರದವರ ಕೈಗೆ ಕೆಲಸ ಕೊಟ್ಟದ್ದರಲ್ಲಿ. ಕಟ್ಟೆಮನೆಯ ಹಿರಿಯರು, ಗುರುಸ್ವಾಮಿಗಳು, ಮಠದವರು, ಆಶಾ ಕಾರ್ಯಕರ್ತೆಯರು ಒಂದೇ ಮನೆಯ ಬಾಗಿಲಿಗೆ ಹೋಗುವವರು. ಇವರು ಒಬ್ಬರನ್ನೊಬ್ಬರು ಕಾಣದೆ ಕೆಲಸ ಮಾಡುವುದು ಇಂದಿನ ದೊಡ್ಡ ನಷ್ಟ.

ಇಷ್ಟೆಲ್ಲ ಹೇಳಿದ ಮೇಲೂ ಈ ಚರಿತ್ರೆಯಲ್ಲಿ ಒಬ್ಬಳು ಹೊರಗೇ ನಿಂತಿದ್ದಾಳೆ. ಕಟ್ಟು, ದಂಡ, ಜೋಳಿಗೆ, ಮಾಲೆ, ಶಿಬಿರ ಎಲ್ಲವೂ ಬಹುಮಟ್ಟಿಗೆ ಕುಡಿಯುವ ಗಂಡಸಿನ ಸುತ್ತ ಕಟ್ಟಿದವು. ಅವನು ಬಿಡುವವರೆಗೆ ಹೊಡೆತ ತಿಂದು, ಸಾಲ ತೀರಿಸಿ, ಮಕ್ಕಳನ್ನು ಮಲಗಿಸಿ ತಾನು ನಿದ್ದೆಗೆಟ್ಟು ಕುಗ್ಗಿದ ಹೆಂಡತಿಯ ಮನಸ್ಸಿಗೆ ಯಾವ ವ್ರತವೂ ಇರಲಿಲ್ಲ, ಅವಳ ಜೊತೆ ಕೂರುವ ಕೂಟವೂ ಇರಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ನಡೆದರು. ಅವರು ಕೇಳಿದ್ದು ಮದ್ಯ ನಿಲ್ಲಿಸಿ ಎಂದು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಆದರೆ ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ದಾರಿಯುದ್ದಕ್ಕೂ ಹಾಡಿ ಮಾತಾಡಿದ ಆ ದಿನಗಳಲ್ಲಿ, ಗಂಡಸರಿಗಷ್ಟೇ ಮೀಸಲಾಗಿದ್ದ ಜನರ ಆಸರೆಯನ್ನು ಅವರು ತಾವೇ ಕಟ್ಟಿಕೊಂಡಿದ್ದರು. ಚಳ್ಳಕೆರೆ ಮೊಳಕಾಲ್ಮೂರಿನಲ್ಲಿ ಮುಂದೆ ನಡೆಯುವ ಪ್ರತಿ ಶಿಬಿರದ ನಂತರ ಗಂಡಂದಿರ ಸಮಿತಿಯ ಜೊತೆಗೆ ಹೆಂಡತಿಯರ ಸಮಿತಿಯೊಂದೂ ಕೂಡಬೇಕು, ಅದಕ್ಕೆ ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಿಂದ ಮನೋರೋಗ ಬಲ್ಲವರೊಬ್ಬರು ಬರಬೇಕು.